ಎಂಜಿನ್ ಸೈಕಲ್‌ನ ಹಿಂದಿನ ಸ್ಪ್ರಾಕೆಟ್: ಓಲಾಡದಂತೆ ಕೂರಿಸುವುದು ಹೇಗೆ?

ಸೈಕಲ್‌ಗೆ ಪುಟ್ಟ ಎಂಜಿನ್ ಜೋಡಿಸುವ ಕಿಟ್ ತಂದವರೆಲ್ಲ ಮೊದಲು ಎಂಜಿನ್ನಿಗೇ ಕೈ ಹಾಕುತ್ತಾರೆ. ಆಮೇಲೆ ತಂಟೆ ಕೊಡುವುದು ಹಿಂದಿನ ಚಕ್ರದ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಬಿಲ್ಲೆ. ಅದು ಸೊಟ್ಟಗೆ ಕೂತರೆ ಚೈನ್ ಒಂದೇ ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಸಡಿಲ. ಹಲ್ಲಿನಿಂದ ಜಾರಿದ ಚೈನ್ ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವ ಚಕ್ರ ಅಲ್ಲೇ ಲಾಕ್ ಆಗುತ್ತದೆ.

ಕಿಟ್‌ನಲ್ಲಿ ಸಾಮಾನ್ಯವಾಗಿ 44 ಹಲ್ಲಿನ ಸ್ಪ್ರಾಕೆಟ್, ಎರಡು ರಬ್ಬರ್ ಬಿಲ್ಲೆ, ಕಬ್ಬಿಣದ ಪಟ್ಟಿಗಳು, 9 ಬೋಲ್ಟ್ ಇರುತ್ತವೆ. ಇದು 36 ಕಡ್ಡಿಯ ಚಕ್ರದ ಲೆಕ್ಕ. ಬೇರೆ ಲೆಕ್ಕದ ಕಡ್ಡಿಗಳಿದ್ದರೆ ತೂತುಗಳು ಹೊಂದುವುದಿಲ್ಲ, ಸುಮ್ನೆ ಒದ್ದಾಡಬೇಡಿ.

ಚಕ್ರ ಬಿಚ್ಚಿ, ಬೆಂಡ್ ತೆಗೆಸಿ, ಸಡಿಲ ಕಡ್ಡಿಗಳನ್ನು ಬಿಗಿ ಮಾಡಿಸಿ. ಕಿಟ್‌ನ ಬೋಲ್ಟ್‌ಗಳನ್ನು ಪಕ್ಕಕ್ಕಿಡಿ. ಸ್ಪ್ಯಾನರ್ ಹಾಕಿದರೆ ತಲೆ ಸವೆಯುವಷ್ಟು ಮೆತ್ತಗಿರುವುದೇ ಜಾಸ್ತಿ. ಅದೇ ಅಳತೆಯ 8.8 ಗ್ರೇಡ್ (ಗಟ್ಟಿ ಉಕ್ಕಿನ) ಬೋಲ್ಟ್, ನೈಲಾನ್ ಲಾಕ್ ನಟ್ ತಂದುಕೊಳ್ಳಿ.

ಸ್ಪ್ರಾಕೆಟ್ ಕೂರುವುದು ಚಕ್ರದ ಎಡಗಡೆ. ಒಂದು ಕಡೆ ಸೀಳಿರುವ ರಬ್ಬರನ್ನು ಕಡ್ಡಿಗಳ ಸಂದಿಯಲ್ಲಿ ತೂರಿಸಿ ಒಳಬದಿಗೆ ಇಡಿ. ಇನ್ನೊಂದು ಹೊರಬದಿಗೆ, ಅದರ ಮೇಲೆ ಸ್ಪ್ರಾಕೆಟ್. ಒಳಗಿನ ರಬ್ಬರ್ ಹಿಂದೆ ಕಬ್ಬಿಣದ ಪಟ್ಟಿಗಳು. ಸ್ಪ್ರಾಕೆಟ್‌ನ ಉಬ್ಬು ಯಾವ ಕಡೆಗಿರಬೇಕು? ಚೈನ್ ಟೈರಿಗೂ ತಾಗದೆ ಫ್ರೇಮಿಗೂ ತಾಗದೆ ಓಡುವ ಕಡೆಗೆ. ರಬ್ಬರ್ ಬಿಟ್ಟು ನೇರವಾಗಿ ಕಡ್ಡಿಗೇ ಬಿಗಿಯುವವರಿದ್ದಾರೆ. ಅವರ ಕಡ್ಡಿಗಳು ಒಂದೊಂದಾಗಿ ತುಂಡಾಗುತ್ತವೆ.

ಒಂಬತ್ತೂ ನಟ್‌ಗಳನ್ನು ಬರಿ ಕೈಯಲ್ಲಿ ತಿರುಗಿಸಿ ನಿಲ್ಲಿಸಿ. ಎಲ್ಲರೂ ಎಡವುವುದು ಇನ್ನು ಮುಂದೆ. ಸ್ಪ್ರಾಕೆಟ್‌ನ ನಡುವಿನ ತೂತು, ಚಕ್ರದ ನಡುವೆ ಕಡ್ಡಿಗಳು ಸೇರುವ ಹಬ್‌ಗಿಂತ ದೊಡ್ಡದಿದ್ದರೆ, ಕಣ್ಣಂದಾಜಿನಲ್ಲಿ ಮಧ್ಯಕ್ಕೆ ತರಲು ಹೋಗಬೇಡಿ. ಹಳೆ ಟ್ಯೂಬಿನ ಪಟ್ಟಿಯನ್ನು ಹಬ್‌ಗೆ ಸಮನಾಗಿ ಸುತ್ತಿ, ಸ್ಪ್ರಾಕೆಟ್ ಅದರ ಮೇಲೆ ಒತ್ತಿಕೊಂಡು ಕೂರಲಿ. ಬೋಲ್ಟ್‌ಗಳಿಗೆ ಸೀಮೆಸುಣ್ಣದಲ್ಲಿ ಸಾಲಾಗಿ 1ರಿಂದ 9 ನಂಬರ್ ಹಾಕಿ. ಬಿಗಿಯುವ ಕ್ರಮ: 1, 5, 9, 4, 8, 3, 7, 2, 6. ಒಂದೊಂದಕ್ಕೂ ಕಾಲು ಸುತ್ತು ಮಾತ್ರ, ಮತ್ತೆ ಮೊದಲಿನಿಂದ. ಪಕ್ಕಪಕ್ಕದವನ್ನೇ ಬಿಗಿಯುತ್ತಾ ಹೋದರೆ ರಬ್ಬರ್ ಒಂದೇ ಕಡೆ ಒತ್ತಿ ಸ್ಪ್ರಾಕೆಟ್ ವಾಲುತ್ತದೆ.

ಅರ್ಧ ಬಿಗಿಯಾದಾಗ ಚಕ್ರವನ್ನು ಫ್ರೇಮಿಗೆ ಹಾಕಿ. ಗಟ್ಟಿ ತಂತಿಯೊಂದನ್ನು ಫ್ರೇಮಿಗೆ ಕಟ್ಟಿ, ತುದಿ ಹಲ್ಲಿಗೆ ತಾಗೀತಾಗದಂತೆ ನಿಲ್ಲಿಸಿ ಚಕ್ರ ತಿರುಗಿಸಿ. ಹಲ್ಲು ಎಡಬಲಕ್ಕೆ ಓಲಾಡುತ್ತಿದ್ದರೆ, ಹೊರಗೆ ಬಂದ ಜಾಗದ ಬೋಲ್ಟ್ ಇನ್ನಷ್ಟು ಬಿಗಿಯಿರಿ. ಮೇಲೆ ಕೆಳಗೆ ಆಡುತ್ತಿದ್ದರೆ ಬಿಗಿದು ಪ್ರಯೋಜನವಿಲ್ಲ. ಎಲ್ಲ ಸಡಿಲಿಸಿ, ಎದ್ದ ಕಡೆ ಮರದ ಸುತ್ತಿಗೆಯಿಂದ ಹಬ್‌ನತ್ತ ಮೆಲ್ಲಗೆ ತಟ್ಟಿ, ಮತ್ತೆ ನೋಡಿ. ಬೇಜಾರಿನ ಕೆಲಸ, ಗೊತ್ತು. ಒಂದು ಮಿಲಿಮೀಟರಿಗಿಂತ ಜಾಸ್ತಿ ಆಟ ಇದ್ದರೆ ನಾನಂತೂ ಒಪ್ಪುವುದಿಲ್ಲ.

ಎಷ್ಟು ಬಿಗಿ ಬೇಕು? ರಬ್ಬರ್ ಅಂಚಿನಲ್ಲಿ ಸ್ವಲ್ಪ ಉಬ್ಬಿದರೆ ಸಾಕು. ಕಡ್ಡಿ ಬಾಗುತ್ತಿದ್ದರೆ ಮಿತಿ ಮೀರಿದೆ ಎಂದರ್ಥ.

ಕೈಯಲ್ಲಿ ಕಾಸಿದ್ದರೆ ಈ ರಗಳೆಯೇ ಬೇಡ. ಹಬ್ಬನ್ನೇ ಎರಡು ಹೋಳಾಗಿ ಅಪ್ಪಿ ಹಿಡಿಯುವ ಕ್ಲ್ಯಾಂಪ್ ಸಿಗುತ್ತದೆ, ಕಡ್ಡಿಗೆ ಸಂಬಂಧವೇ ಇರುವುದಿಲ್ಲ. ಹಬ್‌ನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದೇ ಕೊಳ್ಳಿ.

ಚೈನ್ ಹಾಕಿ, ಅದು ಅತಿ ಬಿಗಿಯಾಗುವ ಜಾಗದಲ್ಲಿ ಅರ್ಧ ಇಂಚು ಸಡಿಲ ಬಿಡಿ. ಮೊದಲ ಓಡಾಟ ಮುಗಿದ ಕೂಡಲೇ ಒಂಬತ್ತೂ ಬೋಲ್ಟ್ ಮತ್ತೆ ಮುಟ್ಟಿ ನೋಡಿ. ಹೊಸ ರಬ್ಬರ್ ಅಮುಕಿಕೊಂಡು ಅಷ್ಟರಲ್ಲೇ ಒಂದೆರಡು ಸಡಿಲವಾಗಿರುತ್ತವೆ.