ಕೈಗಡ ಹಿಂದಿರುಗದಿದ್ದರೆ: ಮೊದಲು ತಾರೀಕು ನೋಡಿ

ಸ್ನೇಹಿತನಿಗೆ ಕೊಟ್ಟ ಕೈಗಡವನ್ನು ಮತ್ತೊಮ್ಮೆ ಕೇಳಲು ಹೊರಡುವ ಮೊದಲು, ಅದನ್ನು ಕೊಟ್ಟ ತಾರೀಕನ್ನು ಹುಡುಕಿ ತೆಗೆಯಿರಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಲದ ಹಣಕ್ಕಾಗಿ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ‘ಕೇಳಿದಾಗ ಕೊಡುತ್ತೇನೆ’ ಎಂಬ ಮಾತಿನ ಮೇಲೆ ಕೊಟ್ಟಿದ್ದರೂ ಆ ಮೂರು ವರ್ಷ ಎಣಿಕೆಯಾಗುವುದು ಹಣ ಕೈಬಿಟ್ಟ ದಿನದಿಂದಲೇ. ಅಡಿಕೆ ಮಾರಿ ಆಗಲಿ, ಮಳೆಗಾಲ ಕಳೆಯಲಿ, ಗಲ್ಫಿನಿಂದ ಭಾವ ಹಣ ಕಳುಹಿಸಲಿ ಎಂಬ ವಾಯಿದೆಗಳನ್ನು ಬಾಯಿಮಾತಿನಲ್ಲಿ ಎಷ್ಟು ಸಲ ಒಪ್ಪಿಕೊಂಡರೂ ಈ ಗಡುವು ಮುಂದಕ್ಕೆ ಹೋಗುವುದಿಲ್ಲ. ಇಂಥ ಹಣ ಮುಳುಗುವುದರಲ್ಲಿ ಪಡೆದವನ ಮೋಸಕ್ಕಿಂತ ಕೊಟ್ಟವನ ದಾಕ್ಷಿಣ್ಯದ ಪಾಲೇ ದೊಡ್ಡದೆಂದು ನನಗೆ ಅನಿಸುತ್ತದೆ.

ಎರಡನೆಯದು ಪುರಾವೆ. ಬ್ಯಾಂಕಿನಿಂದ ಆ ಅವಧಿಯ ಖಾತೆ ವಿವರ ತೆಗೆದಿಡಿ. ಹಣ ಕೇಳಿದ, ಸಿಕ್ಕಿತೆಂದು ಒಪ್ಪಿದ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ಮೊಬೈಲ್ ಬದಲಾಯಿಸುವ ಮೊದಲು ಬ್ಯಾಕಪ್ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಸಹಿತ ಹಾಜರುಪಡಿಸಿದರೆ ಅವು ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತವೆ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಹಾಗೆ ನಗದಾಗಿ ಕೊಟ್ಟ ಸಾಲಕ್ಕೆ ಪಡೆದ ಚೆಕ್ಕಿನ ಮೇಲೆ, ಸಕಾರಣವಿಲ್ಲದಿದ್ದರೆ, ಕೇಸು ನಿಲ್ಲದೆಂದು ಕೇರಳ ಹೈಕೋರ್ಟ್ 2025ರಲ್ಲಿ ಹೇಳಿದ್ದರಿಂದ ಹಲವರು ಗಾಬರಿಗೊಂಡಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ದಂಡದ ಭಯ ಇರುವುದು ಪಡೆದವನಿಗೆ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಸ್ನೇಹಿತ ಹಣವನ್ನು ಇಂದು ಕೊಡಲಾರದಿದ್ದರೆ ಪ್ರೋನೋಟನ್ನಾದರೂ (ಹಣ ಕೊಡುವುದಾಗಿ ಬರೆದು ಸಹಿ ಹಾಕಿದ ವಾಗ್ದಾನ ಪತ್ರ) ಇಂದೇ ಬರೆಸಿಕೊಳ್ಳಿ. ಹಳೆಯ ಬಾಕಿಗೂ ಹೊಸದಾಗಿ ಬರೆಸಬಹುದು, ಮತ್ತು ಅದರ ತಾರೀಕಿನಿಂದ ಹೊಸ ಮೂರು ವರ್ಷ ಸಿಗುತ್ತದೆ. ಭಾಷೆ ಕನ್ನಡವಾದರೂ ಅಡ್ಡಿಯಿಲ್ಲ. ಆದರೆ ಸಹಿ ಹಾಕುವವನಿಗೆ ಮಲಯಾಳ ಮಾತ್ರ ಓದಲು ಬರುವುದಾದರೆ ಮಲಯಾಳದಲ್ಲೇ ಬರೆಯಿಸಿ. ಒಕ್ಕಣೆ ಇಷ್ಟು ಸಾಕು:

‘ಬದಿಯಡ್ಕ, ತಾರೀಕು ____. ಶ್ರೀ ____ (ಹಣ ಕೊಟ್ಟವರ ಹೆಸರು) ಅವರಿಗೆ: ತಾವು ನನಗೆ ಈ ಹಿಂದೆ ಕೈಗಡವಾಗಿ ಕೊಟ್ಟಿರುವ 80,000 (ಎಂಬತ್ತು ಸಾವಿರ) ರೂಪಾಯಿಗಳನ್ನು, ಕೇಳಿದಾಗ ತಮಗೆ ಅಥವಾ ತಾವು ಆದೇಶಿಸಿದವರಿಗೆ ಪಾವತಿಸುವುದಾಗಿ ವಾಗ್ದಾನ ಮಾಡುತ್ತೇನೆ.’

ಇದರ ಕೆಳಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು ಅಂಟಿಸಿ, ಸಹಿ ಸ್ಟಾಂಪಿನ ಮೇಲೆ ಹಾದು ಕಾಗದಕ್ಕೂ ತಾಗುವಂತೆ ಹಾಕಿಸಬೇಕು. ಸ್ಟಾಂಪಿಲ್ಲದ ಪ್ರೋನೋಟನ್ನು ಕೋರ್ಟು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ, ದಂಡ ಕಟ್ಟಿ ಸರಿಪಡಿಸುವ ಅವಕಾಶವೂ ಇಲ್ಲ. ‘ತಾವು ಆದೇಶಿಸಿದವರಿಗೆ’ ಎಂಬ ಪದಗಳನ್ನು ಅಲಂಕಾರವೆಂದು ಬಿಟ್ಟುಬಿಡಬೇಡಿ. ಅವಿಲ್ಲದ ಕಾಗದಕ್ಕೆ ಸಾಕ್ಷಿಯ ಸಹಿ ಬಿದ್ದರೆ ಅದು ಬಾಂಡ್ ಎನಿಸಿಕೊಂಡು ಹೆಚ್ಚಿನ ಮುದ್ರಾಂಕ ಶುಲ್ಕ ಕೇಳುತ್ತದೆ.

ಅವನು ಒಂದೆರಡು ಸಾವಿರವನ್ನು ಆಗಾಗ ಕೊಡುತ್ತಿದ್ದರೆ, ಪಡೆದುಕೊಳ್ಳಿ; ಆದರೆ ‘ಬಾಕಿಯ ಬಾಬ್ತು ಇಷ್ಟು ಕೊಟ್ಟಿದ್ದೇನೆ’ ಎಂದು ಅವನ ಕೈಬರಹದಲ್ಲೋ ಸಹಿಯೊಂದಿಗೋ ಒಂದು ಸಾಲು ಬರೆಯಿಸಿ. ಮೂರು ವರ್ಷದೊಳಗೆ ಬಿದ್ದ ಅಂಥ ಸಾಲಿನಿಂದ ಅವಧಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಅವಧಿ ಮೀರಿದ ಮೇಲೂ ಅವನು ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25(3)ನೇ ಕಲಮಿನಂತೆ ಅದು ಊರ್ಜಿತವೇ.

ಚೆಕ್ಕು ಕೊಟ್ಟಿದ್ದಾನೆ ಎಂದಾದರೆ ಲೆಕ್ಕ ವರ್ಷಗಳಿಂದ ದಿನಗಳಿಗೆ ಇಳಿಯುತ್ತದೆ. ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಹಿಂದಿರುಗಿದ ಮಾಹಿತಿ ಸಿಕ್ಕ 30 ದಿನಗಳೊಳಗೆ ಲಿಖಿತ ನೋಟಿಸು ಕಳುಹಿಸಬೇಕು. ನೋಟಿಸು ತಲುಪಿದ ಮೇಲೆ ಅವನಿಗೆ 15 ದಿನ ಅವಕಾಶ. ಅದು ಕಳೆದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು. ಕಾಸರಗೋಡಿನ ಗಡಿಯವರಿಗೆ ಇಲ್ಲೊಂದು ಅನುಕೂಲವಿದೆ. ಸ್ನೇಹಿತ ತಲಪಾಡಿ ದಾಟಿ ಮಂಗಳೂರಿನಲ್ಲಿ ನೆಲೆಸಿದ್ದರೂ, ನೀವು ಚೆಕ್ಕನ್ನು ಉಪ್ಪಳದ ನಿಮ್ಮ ಖಾತೆಗೆ ಹಾಕಿದ್ದರೆ, 2015ರ ತಿದ್ದುಪಡಿಯಂತೆ ದೂರಿನ ವಿಚಾರಣೆ ಆ ಶಾಖೆ ಇರುವ ವ್ಯಾಪ್ತಿಯ ಕೋರ್ಟಿನಲ್ಲೇ ನಡೆಯುತ್ತದೆ.

ಠಾಣೆಗೆ ಹೋಗಿ ಹೆದರಿಸಿ ವಸೂಲು ಮಾಡುವ ಯೋಚನೆ ಬೇಡ. ಸಾಲ ತೀರಿಸಲಿಲ್ಲ ಎಂಬ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ. ಪಡೆಯುವಾಗಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ. ಸಿಟ್ಟಿನಿಂದ ತಿಂಗಳಿಗೆ ಹತ್ತು ಪರ್ಸೆಂಟು ಬಡ್ಡಿ ಸೇರಿಸುವುದೂ ತಪ್ಪು. ‘ಬ್ಲೇಡ್’ ದಂಧೆಯಿಂದ ಬೇಸತ್ತ ಕೇರಳ 2012ರಲ್ಲಿ ಅತಿಬಡ್ಡಿಯ ವಿರುದ್ಧ ಪ್ರತ್ಯೇಕ ಕಾಯ್ದೆಯನ್ನೇ ತಂದಿರುವುದರಿಂದ, ದೂರುದಾರನೇ ಆರೋಪಿಯಾಗಬಹುದು.

ಇನ್ನೂ ಮಾತುಕತೆಗೆ ಎಡೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲೂಕು ಸಮಿತಿಗೆ ದಾವೆಪೂರ್ವ ಅರ್ಜಿ ಕೊಡಿ. ಕೋರ್ಟು ಫೀಸಿಲ್ಲ, ಅವರು ನಡೆಸುವ ಲೋಕ ಅದಾಲತ್ತಿನಲ್ಲಿ ಒಪ್ಪಿದ ಕಂತುಗಳಿಗೆ ಸಿವಿಲ್ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬಲವಿದೆ, ಮೇಲ್ಮನವಿಯಿಲ್ಲ. ಆದರೆ ಸ್ನೇಹಿತ ಅಲ್ಲಿಗೆ ಬಾರದೆ ತಿಂಗಳುಗಳು ಸರಿಯುತ್ತಿದ್ದರೆ ಕಾಯುತ್ತ ಕೂರದೆ, ಮೂರು ವರ್ಷ ತುಂಬುವ ಮೊದಲೇ ವಕೀಲರ ಮೂಲಕ ದಾವೆ ದಾಖಲಿಸಿ. ಡಿಕ್ರಿ ಸಿಕ್ಕ ಮೇಲೆ ಅದನ್ನು ಜಾರಿಗೊಳಿಸಲು 12 ವರ್ಷಗಳ ಅವಧಿಯಿದ್ದು, ಅವನ ಆಸ್ತಿ ಗಡಿಯಾಚೆ ದಕ್ಷಿಣ ಕನ್ನಡದಲ್ಲಿದ್ದರೆ ಕಾಸರಗೋಡಿನ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಂಡು ಜಪ್ತಿಗೆ ಅರ್ಜಿ ಹಾಕಬಹುದು.