ಫ್ಯೂಯೆಲ್ ಪಂಪ್ ಬದಲಿಸುವ ಮುಂಚೆ ವೈರ್ ನೋಡಿ

ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಕೂಡಲೇ 'ಪಂಪ್ ಹೋಗಿದೆ' ಎಂದು ಹೊಸದು ಹಾಕಿಸುತ್ತಾರೆ. ಹೊಸ ಪಂಪ್ ಹಾಕಿದ ಮೇಲೂ ಕಾರು ಹಾಗೇ ನಿಂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತೊಂದರೆ ಇದ್ದದ್ದು ವೈರಿನಲ್ಲಿ.

ಮೊದಲು ಕಿವಿಗೊಡಿ. ಒಬ್ಬರು ಕೀ ಆನ್ ಮಾಡಲಿ, ಇನ್ನೊಬ್ಬರು ಹಿಂದಿನ ಸೀಟಿನ ಹತ್ತಿರ ಇರಲಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಸುಮಾರು 2 ಸೆಕೆಂಡ್ ಝುಂಯ್ ಎಂಬ ಸದ್ದು ಕೇಳಿಸಿ ನಿಲ್ಲುತ್ತದೆ. ಕೇಳಿಸದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದೇ ಹಾಕಿ. 15ರ ಜಾಗಕ್ಕೆ 30 ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಆಮೇಲೆ ರಿಲೇ. ಹಾರ್ನ್ ರಿಲೇ ಅದೇ ನಂಬರಿನದಾಗಿದ್ದರೆ ಅದಲು ಬದಲು ಮಾಡಿ ನೋಡಿ. 'ಟಕ್' ಅಂದ ಮಾತ್ರಕ್ಕೆ ರಿಲೇ ಸರಿ ಇದೆ ಅಂತಲ್ಲ, ಒಳಗಿನ ಕಾಂಟ್ಯಾಕ್ಟ್ ಸುಟ್ಟಿದ್ದರೂ ಸದ್ದು ಬರುತ್ತದೆ. ಹೆಸರಿಲ್ಲದ ಅಗ್ಗದ ರಿಲೇ ಮಾತ್ರ ಬೇಡವೇ ಬೇಡ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಪಂಪಿನ ಕನೆಕ್ಟರ್ ಬಿಚ್ಚಿ ಮೀಟರ್ ಇಡುತ್ತಾರೆ. 12 ವೋಲ್ಟ್ ಬಂತು, ಹಾಗಾದರೆ ಪಂಪೇ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. ಪಂಪ್ ಎಳೆಯುವುದು ಸಾಮಾನ್ಯವಾಗಿ 4ರಿಂದ 8 ಆಂಪಿಯರ್. ಅಷ್ಟು ಕರೆಂಟ್ ಆ ಒಂದು ಎಳೆಯಲ್ಲಿ ಹೋಗುವುದಿಲ್ಲ ಅಲ್ವಾ?

ಆದ್ದರಿಂದ ಕನೆಕ್ಟರ್ ಬಿಚ್ಚಬೇಡಿ. ರಿಲೇ ತೆಗೆದು, ಅದರ ಸಾಕೆಟ್ಟಿನ 30 ಮತ್ತು 87ನ್ನು ಫ್ಯೂಸ್ ಇರುವ ವೈರಿನಿಂದ ಜೋಡಿಸಿ. ಈಗ ಪಂಪಿಗೆ ಕರೆಂಟ್ ನಿಲ್ಲದೆ ಹೋಗುತ್ತದೆ. (ಪಂಪಿಗೆ ಬೇರೆ ಕಂಟ್ರೋಲ್ ಮಾಡ್ಯೂಲ್ ಇರುವ ಕಾರುಗಳಲ್ಲಿ ಹೀಗೆ ಮಾಡಬೇಡಿ, ಸರ್ವಿಸ್ ಮ್ಯಾನ್ಯುಯಲ್ ನೋಡಿ.) ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಟ್ಯಾಂಕಿನ ಹತ್ತಿರ ಕಿಡಿ ಹಾರಬಾರದು.

ಮೀಟರಿನ ಕೆಂಪು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ ಇಡಿ, ಕಪ್ಪು ತುದಿಯನ್ನು ಕನೆಕ್ಟರಿನ ಹಿಂಬದಿಯಿಂದ ಪಂಪಿನ ಪ್ಲಸ್ ವೈರಿಗೆ ತಾಗಿಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಆ ದಾರಿಯಲ್ಲೇ ಎಲ್ಲೋ ತೊಂದರೆ ಇದೆ. ತುದಿಯನ್ನು ಬ್ಯಾಟರಿಯ ಕಡೆಗೆ ಒಂದೊಂದೇ ಜಾಯಿಂಟ್ ಹಿಂದಕ್ಕೆ ಸರಿಸುತ್ತಾ ಹೋಗಿ. ಓದು ದಿಢೀರನೆ ಇಳಿದ ಜಾಗದ ಮುಂದಿನ ಜಾಯಿಂಟೇ ಕೆಟ್ಟದ್ದು. ಅರ್ತ್ ಕಡೆಯೂ ಹೀಗೇ, ಬ್ಯಾಟರಿ ಮೈನಸ್‌ನಿಂದ ಪಂಪಿನ ಅರ್ತ್ ವೈರಿಗೆ. ಅಲ್ಲಿ 0.2 ವೋಲ್ಟ್ ದಾಟಬಾರದು. ಅರ್ತನ್ನು ಮಾತ್ರ ಯಾವತ್ತೂ ಬಿಡಬೇಡಿ, ಜನ ಮರೆಯುವುದು ಅದನ್ನೇ.

ಒಂದು ಕಾರಿನಲ್ಲಿ ಕನೆಕ್ಟರ್ ಬಿಚ್ಚಿ ನೋಡಿದಾಗ 12.4, ಪಂಪ್ ಓಡುವಾಗ 7.8. ಹೊರಗಿನಿಂದ ಕನೆಕ್ಟರ್ ಹೊಸದರಂತಿತ್ತು. ಒಳಗೆ ಒಂದು ಪಿನ್ನಿಗೆ ಹಸಿರು ಕಿಲುಬು, ಸುತ್ತಲಿನ ಪ್ಲಾಸ್ಟಿಕ್ ಕಂದಿತ್ತು. ಇಂಥದ್ದಕ್ಕೆ ಸ್ಪ್ರೇ ಹೊಡೆದು ಸುಮ್ನೆ ಸಿಕ್ಕಿಸಬೇಡಿ. ಪಿನ್ ಬದಲಿಸಿ, ಸರಿಯಾಗಿ ಕ್ರಿಂಪ್ ಮಾಡಿ. ವೈರ್ ಕೊಯ್ದು ಕಚ್ಚಿಕೊಳ್ಳುವ ಕ್ಲಿಪ್ಪುಗಳಂತೂ ಬೇಡ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಎರಡೂ ಕಡೆ ಸರಿ ಇದ್ದು, ಕನೆಕ್ಟರ್ ಸಿಕ್ಕಿಸಿದಂತೆಯೇ ಪೂರ್ತಿ ವೋಲ್ಟೇಜ್ ಬಂದರೂ ಪಂಪ್ ತಿರುಗದಿದ್ದರೆ, ಆಗ ಹೊಸ ಪಂಪ್ ತನ್ನಿ.