ಪಿಯಾನೊಗೆ ಪಟ್ಟಿ ಎತ್ತೋದು ಹೇಗೆ? ಮೊದಲ್ನೇ ಹೆಸರು ಜೋಪಾನ

ಸಂಗೀತ ಶಾಲೆಗೆ ಹೊಸ ಪಿಯಾನೊ ಬೇಕು, ಅದಕ್ಕೆ ಪಟ್ಟಿ (ಚಂದಾ) ಎತ್ತಬೇಕು ಅಂದ ಕೂಡ್ಲೆ ದಾವಣಗೆರೇಲಿ ಎಷ್ಟೋ ಜನ ಮಾಡೋದು ಒಂದೇ, ವಾಟ್ಸಾಪ್ ಗ್ರೂಪಿಗೆ ಕ್ಯೂಆರ್ ಕೋಡ್ ಹಾಕಿ ಕಾಯ್ತಾ ಕೂರೋದು. ಹಂಗೆ ದುಡ್ಡು ಬರಲ್ಲ, ಮಕ್ಕಳು ಅದೇ ಹಳೇ ಕೀಬೋರ್ಡಲ್ಲಿ ಇನ್ನೊಂದು ವರ್ಷ ಕಳೀತಾರೆ.

ಮೊದ್ಲು ಕೊಟೇಶನ್ ತರಿಸ್ರಿ. ಪಿಯಾನೊ ರೇಟ್ ಒಂದೇ ನೋಡಿದ್ರೆ ಆಗಲ್ಲ, ಗೋಡೆಗೆ ಒತ್ತಿ ನೆಟ್ಟಗೆ ನಿಲ್ಲಿಸೋ ಅಪ್‌ರೈಟ್ ಪಿಯಾನೊ 200 ಕೆಜಿ ದಾಟೋದೂ ಉಂಟು, ಕ್ಲಾಸು ಮಹಡಿ ಮೇಲಿದ್ರೆ ಹತ್ತಿಸೋರ ಕೂಲಿ, ಸಾಗಾಟ, ಸ್ಟೂಲು ಎಲ್ಲಾ ಸೇರಿಸ್ಬೇಕು, ಹೊಸ ತಂತಿ ಮೊದಲ ವರ್ಷ ಹಿಗ್ತಾ ಇರುತ್ತೆ, ಹಂಗಾಗಿ ಮೂರ್ನಾಲ್ಕು ಸಲ ಟ್ಯೂನಿಂಗ್ (ಶ್ರುತಿ ಸರಿಮಾಡೋ) ದುಡ್ಡೂ ಇಟ್ಕೊಳ್ರಿ. ಬಜೆಟ್ ಕಮ್ಮಿ ಇದ್ರೆ 88 ವೇಟೆಡ್ ಕೀ, ಅಂದ್ರೆ ಒತ್ತಿದ್ರೆ ನಿಜವಾದ ಪಿಯಾನೊ ಥರ ಭಾರ ಅನ್ಸೋ ಕೀ ಇರೋ ಡಿಜಿಟಲ್ ಪಿಯಾನೊ ತಗೊಳ್ರಿ. ಪಿಯಾನೊ ಅಂತ ಹೆಸರಿಟ್ಟು ಮಾರೋ 61 ಕೀ ಹಗುರ ಕೀಬೋರ್ಡು ಖಂಡಿತ ಬೇಡ, ಅದ್ರಲ್ಲಿ ಕಲಿತ ಮಗುವಿನ ಬೆರಳಿಗೆ ಸಾಕಷ್ಟು ಬಲ ಬರಲ್ಲ.

ಅಕೌಂಟ್ ಶಾಲೆ ಟ್ರಸ್ಟ್ ಹೆಸರಲ್ಲೇ ಇರ್ಲಿ, ಇಬ್ಬರ ಸಹಿ, ನಂಬರ್ ಇರೋ ರಸೀದಿ ಪುಸ್ತಕ. ಮೇಷ್ಟ್ರ ಸ್ವಂತ ಫೋನ್‌ಪೇ ನಂಬರ್ ಬೇಡವೇ ಬೇಡ.

ಇನ್ನು ಪಟ್ಟಿ ಎತ್ತೋದು. ಎಲ್ರೂ ಎಡವೋದು ಇಲ್ಲೇ. ಪಟ್ಟಿ ಕೈಗೆ ಬಂದ ತಕ್ಷಣ ಜನ ನೋಡೋದು ಮೇಲಿನವರು ಎಷ್ಟು ಬರೆದಿದಾರೆ ಅಂತ. ಮೊದಲ್ನೇ ಸಾಲಲ್ಲಿ 501 ಇದ್ರೆ ಕೆಳಗೆ 251, 101 ಅಂತ ಇಳೀತಾ ಹೋಗುತ್ತೆ, 5,000 ಕೊಡೋ ಶಕ್ತಿ ಇದ್ದೋರೂ 501 ಬರೆದು ಕೈ ತೊಳ್ಕೋತಾರೆ. ಅದಕ್ಕೆ ಹಂಗೇ ಮೊತ್ತ ಕೇಳ್ಬಾರ್ದು, ಕೀ ಲೆಕ್ಕದಲ್ಲಿ ಕೇಳ್ಬೇಕು. ಎಲ್ಲಾ ಖರ್ಚು ಸೇರಿ 3,52,000 ಅಂತಿಟ್ಕೊಳ್ರಿ, 88 ಕೀಗೆ ಹಂಚಿದ್ರೆ ಒಂದಕ್ಕೆ 4,000. ದೊಡ್ಡ ಹಾಳೇಲಿ 52 ಬಿಳಿ, 36 ಕರಿ ಕೀ ಬರೆದು, ಯಾರು ಕೊಟ್ರೋ ಅವ್ರ ಹೆಸರು ಆ ಕೀ ಮೇಲೆ ಬರೀರಿ. ಬಿಳಿಗೊಂದು ಕರಿಗೊಂದು ರೇಟ್ ಇಡಬೇಡ್ರಿ, ಸುಮ್ನೆ ಮನಸ್ತಾಪ. ಇಬ್ರು ಮೂವರು ಸೇರಿ ಒಂದು ಕೀ ತಗೊಂಡ್ರೆ ಎಲ್ಲರ ಹೆಸರೂ ಬರೀರಿ. ಬೀದಿಗೆ ಇಳಿಯೋ ಮುಂಚೆ ಕಮಿಟಿಯವ್ರು, ಪೋಷಕರು ತಮ್ಮ ಹೆಸರು ತುಂಬಿಸಿರ್ಬೇಕು, ತಾವೇ ಕೊಡದೆ ಬೇರೆಯವ್ರನ್ನ ಕೇಳೋಕೆ ಬಾಯಾದ್ರೂ ಹೆಂಗೆ ಬರುತ್ತೆ?

ವ್ಯಾಪಾರಿಗಳ ಅಂಗಡಿ ಸಾಲಿರೋ ಮಂಡಿಪೇಟೆಗೆ ಹೋಗೋ ಹೊತ್ತು ನೋಡ್ಕೊಳ್ರಿ. ಬೋಣಿ ಆಗೋ ಮುಂಚೆ ಯಾರೂ ಕೈಯಿಂದ ದುಡ್ಡು ಬಿಡಲ್ಲ, ಸಂಜೆ ದೀಪ ಹಚ್ಚೋ ಹೊತ್ತಲ್ಲೂ ಲಕ್ಷ್ಮೀನ ಹೊರಗೆ ಕಳಿಸಲ್ಲ. ಊಟ ಆದ್ಮೇಲೆ, ಗಿರಾಕಿ ಕಮ್ಮಿ ಇರೋವಾಗ ಇಬ್ಬರೇ ಹೋಗ್ರಿ, ಜೊತೆಗೆ ಕಲೀತಿರೋ ಒಂದು ಮಗು ಇರ್ಲಿ. “ಸಾವ್ಕಾರ್ರೆ, ನಿಮ್ಮನೆ ಮೊಮ್ಮಗಳ ಹೆಸರಲ್ಲಿ ಒಂದು ಕೀ ಬರ್ಕೊಳ್ಳಾ?” ಅಂತ ಕೇಳಿ ಸುಮ್ನಿದ್ಬಿಡ್ರಿ. ಅವ್ರು ಯೋಚನೆ ಮಾಡ್ತಿರೋವಾಗ ನೀವೇ “ಎಷ್ಟಾದ್ರೂ ಪರವಾಗಿಲ್ಲ” ಅಂದ್ಬಿಟ್ರೆ 4,000 ಹೋಗಿ 200 ಆಗುತ್ತೆ. ನಾಳೆ ಬರ್ರಿ ಅಂದ್ರೆ ನಾಳೇನೇ ಹೋಗ್ಬೇಕು. ಶಾಲೆ ಫೀಸ್ ಕಟ್ಟೋ ಜೂನ್ ತಿಂಗಳು ಬಿಟ್ಬಿಡ್ರಿ, ಮೆಕ್ಕೆಜೋಳ ಮಾರಿ ಕೈಯಲ್ಲಿ ದುಡ್ಡಾಡೋ ಕಾಲ ಒಳ್ಳೇದು.

ಟ್ರಸ್ಟಿಗೆ 80ಜಿ (ದಾನ ಕೊಟ್ಟೋರಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸೋ ನೋಂದಣಿ) ಇಲ್ದೆ ಟ್ಯಾಕ್ಸ್ ಉಳಿಯುತ್ತೆ ಅಂತ ಹೇಳ್ಬಾರ್ದು, ಇದ್ರೂ 2,000 ಮೀರಿದ ಕ್ಯಾಶ್‌ಗೆ ಆ ರಿಯಾಯಿತಿ ಇಲ್ಲ. ಅಮೆರಿಕದಲ್ಲಿರೋ ಹಳೇ ವಿದ್ಯಾರ್ಥಿ ಇನ್ನೂ ಭಾರತದ ಪಾಸ್‌ಪೋರ್ಟಲ್ಲಿದ್ರೆ ಅವ್ರ ದುಡ್ಡು ತಗೋಬಹುದು, ಅಲ್ಲಿನ ಪೌರತ್ವ ತಗೊಂಡಿದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ದೆ ಒಂದ್ರುಪಾಯಿನೂ ಮುಟ್ಟಂಗಿಲ್ಲ.

ಪ್ರತಿ ಭಾನುವಾರ ತುಂಬಿದ ಹಾಳೆ ಫೋಟೋ ಗ್ರೂಪಿಗೆ ಹಾಕ್ರಿ. ಪಿಯಾನೊ ಬಂದ ಮೇಲೆ ಬಿಲ್ಲಿನ ಜೆರಾಕ್ಸ್ ಬೋರ್ಡಿಗೆ ಅಂಟಿಸಿ, ಉಳಿದ ದುಡ್ಡು ಟ್ಯೂನಿಂಗಿಗೆ ಅಂತ ಅದೇ ಅಕೌಂಟಲ್ಲಿ ಬಿಡ್ರಿ, ಉದ್ಘಾಟನೆ ಹಾರ-ಶಾಲಿಗೆ ಅದ್ರಲ್ಲಿ ಕೈ ಹಾಕ್ಬೇಡ್ರಿ.